ಸಕ್ಕರೆ ಹಾಕದ ಕೇಕ್

ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಇಬ್ಬರು ಅಕ್ಕತಂಗಿಯರು ಕೂತಿದ್ದರು. ಅಕ್ಕನ ಗಂಡ ಒಳಗಿದ್ದ.

"ಕೇಕ್ ಸರಿಹೋಯ್ತೇನಕ್ಕಾ?"

"ಸಕ್ಕರೆ ಇಲ್ಲ, ಗೋಧಿ ಇಲ್ಲ, ಅಕ್ಕಿಹಿಟ್ಟೂ ಇಲ್ಲ. ಬರೀ ಬಾದಾಮಿ ಪುಡಿ, ಮೊಟ್ಟೆ. ಎಷ್ಟೋ ಸಲ ಕುಸಿದು, ಕೊನೆಗೂ ಎದ್ದು ನಿಲ್ತು."

"ಭಾವ ತಿಂದ್ರಾ?"

"ದಿನಾ ತಟ್ಟೆ ನೆಕ್ಕಿದ್ರು."

"ಮತ್ಯಾಕೆ ಈ ಮುಖ?"

"ಮೇಲೆ ಜೇನು ಸುರ್ಕೊಳ್ತಿದ್ರು ಕಣೇ. ಬಾಟ್ಲಿ ಖಾಲಿಯಾದ್ಮೇಲೆ ಗೊತ್ತಾಯ್ತು. ಕೇಳಿದ್ರೆ, ಅದು ಹೂವಿಂದ ಬರೋದು, ಸಕ್ಕರೆ ಹೇಗಾಗುತ್ತೆ ಅಂತಾರೆ."

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

"ಹುಣಸೆಹಣ್ಣಾದ್ರೂ ಅಗ್ಗ. ನಾನು ತೊಳೆದಿದ್ದು ಬಾದಾಮಿ."

ಬಾಗಿಲು ತೆರೆಯಿತು. ಗಂಡ ಚೀಟಿ ಮಡಚುತ್ತ ಹೊರಬಂದ.

"ಸಕ್ಕರೆ ಇನ್ನೂ ಏರಿದೆಯಂತೆ. ನೀನು ಆ ಕೇಕ್ ಮಾಡೋದು ನಿಲ್ಸು, ನನ್ನ ಮೈಗೆ ಅದು ಒಗ್ಗಲ್ಲ."

ಅಕ್ಕ ಚೀಲ ಎತ್ತಿಕೊಂಡು, ಅವನಿಗಾಗಿ ಕಾಯದೆ ಮೆಟ್ಟಿಲಿಳಿದಳು.