ಕೆರೆ ಪಾರ್ಕಿನ ಚರಗ ಮತ್ತು ಬಿಳಿ ಬಕೆಟ್ಟು

ಹೆಸರು: ಗುರುಬಸವ ಚನ್ನಪ್ಪ ಹೊಸಕೇರಿ
ವಯಸ್ಸು: 52 ವರ್ಷ
ಉದ್ಯೋಗ: ಹುಲ್ಲು ಕತ್ತರಿಸುವ ಹಾಗೂ ತೋಟ ನೋಡಿಕೊಳ್ಳುವ ಸ್ವಂತ ಕೆಲಸ
ಮೂಲ ಊರು: ಧಾರವಾಡ
ಈಗಿನ ವಾಸ: ಕ್ಲೈಡ್ ನಾರ್ತ್, ಮೆಲ್ಬರ್ನ್
ಹೇಳಿಕೆ ಬರೆಸಿದ್ದು: ದಿನಾಂಕ 21-12-2025, ಭಾನುವಾರ, ಬೆಳಿಗ್ಗೆ 11.05ರಿಂದ
ದುಭಾಷಿ: ಶ್ರೀಮತಿ ಜಲಜಾ

ಮೇಲೆ ಹೆಸರು ಬರೆಸಿದ ನಾನು, ಯಾರೂ ಕರೆಸದೆ ಸ್ವಂತ ಗಾಡಿಯಲ್ಲಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಶನಿವಾರ ನಮ್ಮ ಬಡಾವಣೆಯ ಕೆರೆ ಪಾರ್ಕಿನಲ್ಲಿ ಕ್ಯಾರಲ್ ಎಂಬ ಹೆಂಗಸಿನ ನಾಯಿ ವಿಷ ತಿಂದು ಬಿದ್ದ ವಿಚಾರದಲ್ಲಿ ತಾವು ರತ್ನವ್ವ ಎಂಬ 74 ವರ್ಷದ ಹಿರಿಯರ ಹೆಸರು ಬರೆದುಕೊಂಡಿದ್ದೀರಿ. ಅಲ್ಲಿ ಇರಬೇಕಾದದ್ದು ನನ್ನ ಹೆಸರು. ಹೇಗೆ ಎಂಬುದನ್ನು ಹೊತ್ತಿನ ಪ್ರಕಾರ ಹೇಳುತ್ತೇನೆ.

ನಾನು ಈ ದೇಶಕ್ಕೆ ಬಂದು ಹದಿನೇಳು ವರ್ಷ. ನನ್ನ ಇಂಗ್ಲಿಷು ಗಿರಾಕಿಯನ್ನು ಒಪ್ಪಿಸುವುದಕ್ಕೆ ಸಾಕು, ತಪ್ಪು ಒಪ್ಪಿಕೊಳ್ಳುವುದಕ್ಕೆ ಸಾಲದು. ಅದಕ್ಕೇ ಕನ್ನಡದಲ್ಲಿ ಬರೆಸುತ್ತಿದ್ದೇನೆ.

ನಿನ್ನೆ ಪಾರ್ಕಿನಲ್ಲಿ ಇದ್ದದ್ದು ನಮ್ಮ ಕಡೆಯ ಐದು ಮನೆಯ ಇಪ್ಪತ್ಮೂರು ಜನ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರು. ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಭೂಮಿಗೆ ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ರೊಟ್ಟಿ, ಕಡಬು, ಪಲ್ಯ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುರಿದು ಕಲಸಿ, ಹೊಲದ ಸುತ್ತ ಚೆಲ್ಲುತ್ತ ಹೋಗುವುದು. ಮುಂದಿನವರು ಕೂಗುತ್ತ ಚೆಲ್ಲಬೇಕು, ಹಿಂದಿನವರು ನೀರು ಚಿಮುಕಿಸುತ್ತ ಓಗೊಡಬೇಕು. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ದುಭಾಷಿ ಜಲಜಾ ಅವರು ಮೈಸೂರಿನವರಾದ್ದರಿಂದ ಅವರಿಗೂ ಇದನ್ನು ಎರಡು ಸಲ ಬಿಡಿಸಿ ಹೇಳಬೇಕಾಯಿತು. ಇಲ್ಲಿ ನಮಗೆ ಹೊಲ ಇಲ್ಲ. ಇರುವುದು ಪಾರ್ಕು. ಹೋದ ಮೂರು ವರ್ಷ ಅಲ್ಲಿಯೇ ಊಟ ಮಾಡಿ ಬಂದಿದ್ದೇವೆ, ಆದರೆ ಚೆಲ್ಲಿರಲಿಲ್ಲ. ಈ ವರ್ಷ ರತ್ನವ್ವ ಇದ್ದರು.

ರತ್ನವ್ವ ನನ್ನ ಗೆಳೆಯ ವಿರುಪಾಕ್ಷನ ತಾಯಿ. ವಿರುಪಾಕ್ಷ ರಸ್ತೆ ವಿನ್ಯಾಸದ ಎಂಜಿನಿಯರು. ತಾಯಿ ಇಲ್ಲೇ ನೆಲೆಸಲಿ ಎಂದು ವೀಸಾಕ್ಕೆ ಅರ್ಜಿ ಹಾಕಿದ್ದಾನೆ, ಅದಿನ್ನೂ ಬಂದಿಲ್ಲ. ಪೊಲೀಸರ ಕಾಗದದಲ್ಲಿ ತಾಯಿಯ ಹೆಸರು ಬಂದರೆ ಆ ಅರ್ಜಿಯ ಗತಿ ಏನು ಎಂಬುದು ನಿನ್ನೆ ಮಧ್ಯಾಹ್ನದಿಂದ ಅವನ ತಲೆಯಲ್ಲಿ ಕುಳಿತಿದೆ. ನಿನ್ನೆ ರಾತ್ರಿ ಅವನು ಉಂಡಿಲ್ಲ.

ಬೆಳಿಗ್ಗೆ 10.05ಕ್ಕೆ ನಾವು ಪಾರ್ಕು ತಲುಪಿದೆವು. ಬಾರ್ಬೆಕ್ಯೂ ಇರುವ ಚಪ್ಪರದ ಕೆಳಗೆ ಜಮಖಾನ ಹಾಸಿದೆವು. ಆ ಪಾರ್ಕಿನ ಹುಲ್ಲನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿಸುವವನು ನಾನೇ. ಗುತ್ತಿಗೆ ಫೆಬ್ರುವರಿಯಲ್ಲಿ ಮತ್ತೆ ನನಗೇ ಬರಬೇಕು. ಇದನ್ನು ಈಗಲೇ ಬರೆಸುತ್ತೇನೆ, ಆಮೇಲೆ ಮುಚ್ಚಿಟ್ಟ ಎನ್ನಬಾರದು.

ಮಕ್ಕಳು ಜಾರುಬಂಡೆ ಕಡೆ ಓಡಿದರು. ಗಂಡಸರು ಹಿಂದಿನ ಸಲ ಯಾರು ಚಟ್ನಿಪುಡಿ ಮರೆತು ಬಂದಿದ್ದರು ಎಂಬ ಹಳೆಯ ಜಗಳ ಶುರು ಮಾಡಿದರು. ರತ್ನವ್ವ ಕೆರೆಯ ದಂಡೆಯಿಂದ ಐದು ಕಲ್ಲು ಆರಿಸಿ ತಂದು ಮರದ ಬುಡದಲ್ಲಿ ಇಟ್ಟು, ಅರಿಸಿನ ಕುಂಕುಮ ಏರಿಸಿ ಪೂಜೆ ಮಾಡಿದರು. ಅಮಾವಾಸ್ಯೆ ಇಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ 12.42ಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಚರಗ ಆಗಬೇಕು ಎಂದು ಅವರು ಬೆಳಗಿನಿಂದ ನಾಲ್ಕು ಸಲ ಹೇಳಿದ್ದರು.

11.48ಕ್ಕೆ ಚರಗ ಕಲಸುವ ಹಿತ್ತಾಳೆಯ ಅಗಲ ತಟ್ಟೆ, ಪರಾತವನ್ನು ವಿರುಪಾಕ್ಷ ಅಡಿಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟು ಬಂದದ್ದು ತಿಳಿಯಿತು. ಮನೆ 4.3 ಕಿಲೋಮೀಟರು. ನಡುವೆ ರಸ್ತೆ ಕೆಲಸ ನಡೆದಿದೆ, ಹೋಗಿಬರಲು ಮುಕ್ಕಾಲು ತಾಸು. ರತ್ನವ್ವ ಮಗನಿಗೆ, "ರಸ್ತೇ ನೀನ ಬರದಿ, ಈಗ ನೀನ ಸಿಕ್ಕೊಂಡಿ. ಕುಂದ್ರು ಸುಮ್ಮ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕವನು ಸುಮ್ಮನಿರಬೇಕಿತ್ತು. ನನ್ನ ಹತ್ತಿರ ಇಲ್ಲದ ಸಾಮಾನೇ ಇಲ್ಲ ಎಂದು ತೋರಿಸಿಕೊಳ್ಳುವುದು ನನ್ನ ಚಟ. ಗಾಡಿಗೆ ಹೋಗಿ ಬಿಳಿ ಬಕೆಟ್ಟು ತಂದೆ. ಇಪ್ಪತ್ತು ಲೀಟರಿನದು, ಹಿಡಿಕೆಗೆ ಕಪ್ಪು ಟೇಪು ಸುತ್ತಿದೆ. ಪೇಪರ್ ಟವೆಲ್ಲಿನಿಂದ ಒಳಗೆ ಎರಡು ಸುತ್ತು ಒರೆಸಿದೆ. ತೊಳೆಯಲಿಲ್ಲ. ನಲ್ಲಿ ಅರವತ್ತು ಹೆಜ್ಜೆ ದೂರದಲ್ಲಿತ್ತು.

ರತ್ನವ್ವ ಬಕೆಟ್ಟಿನೊಳಗೆ ಮುಖ ಇಟ್ಟು ಮೂಸಿ ನೋಡಿದರು. "ಗುರುಬಸು, ಇದರಾಗ ಏನರ ಎಣ್ಣಿ, ಔಷಧ ಹಾಕಿದ್ದೇನಪಾ?" ಎಂದು ಕೇಳಿದರು.

ನಾನು, "ಏನಿಲ್ರೀ ಅವ್ವಾರ, ಹೊಸಾದು ಇದ್ದಂಗ ಐತಿ" ಎಂದೆ.

"ಇದ್ದಂಗ ಬ್ಯಾಡ. ಹೊಸಾದೋ, ಅಲ್ಲೋ?"

"ಹೊಸಾದ ಅನ್ರಿ, ಕಲಸ್ರಿ. ವ್ಯಾಳ್ಯಾ ಆಗಾಕತ್ತೈತಿ."

ಈ ಮಾತು ನಡೆದಾಗ ಹೊತ್ತು 11.55. ಮರದ ಬುಡದ ಹತ್ತಿರ ನಾವಿಬ್ಬರೇ ಇದ್ದೆವು.

ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಕಡಬು, ಬದನೆಕಾಯಿ, ಪುಂಡಿ ಸೊಪ್ಪಿನ ಪಲ್ಯ, ಬೆಲ್ಲ ಎಲ್ಲ ಸೇರಿಸಿ ಅವರು ಕೈಯಾರೆ ಕಲಸಿದರು. 12.10ಕ್ಕೆ ಚರಗ ಹೊರಟಿತು. ಮುಂದೆ ರತ್ನವ್ವ, ಹಿಂದೆ ತಂಬಿಗೆ ಹಿಡಿದು ನಾನು, ನನ್ನ ಹಿಂದೆ ಅವರ ಮೊಮ್ಮಗಳು ಮಾಯಾ, ಒಂಬತ್ತು ವರ್ಷ. ಅವರು ಕೂಗಿದರು, ನಾವು ಓಗೊಟ್ಟೆವು. ಕೆರೆಯ ಆಚೆ ಓಡುತ್ತಿದ್ದ ಇಬ್ಬರು ನಿಂತು ನೋಡಿದರು. ಮಾಯಾ, "ಅಂಕಲ್, ಎವ್ರಿವನ್ ಈಸ್ ಲುಕಿಂಗ್" ಎಂದಳು. ರತ್ನವ್ವ ತಿರುಗದೆಯೇ, "ನೋಡ್ಲಿ, ಬೇಕಾದ್ರ ಉಣ್ಣಾಕ ಬರ್ಲಿ" ಎಂದರು. ಹತ್ತು ತಿಂಗಳಿನಿಂದ ಈ ಊರಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ ಆ ಹೆಂಗಸು ಅಷ್ಟು ದೊಡ್ಡ ದನಿಯವರು ಎಂದು ನನಗೆ ಗೊತ್ತಿರಲಿಲ್ಲ.

ಪಾರ್ಕಿನ ಪೂರ್ವದ ಅಂಚಿನಲ್ಲಿ, ಚಪ್ಪರದಿಂದ ಸುಮಾರು ನೂರಾ ಹತ್ತು ಹೆಜ್ಜೆಯಲ್ಲಿ, ಅವರು ಬಕೆಟ್ಟನ್ನು ಬೋರಲು ಮಾಡಿ ತಳವನ್ನು ತಟ್ಟಿದರು. ಉಳಿದದ್ದು ಹುಲ್ಲಿನ ಮೇಲೆ ಬಿತ್ತು. ಆ ಮುದ್ದೆಯಲ್ಲಿ ಐದಾರು ಹಸಿರು ಚೂರು ಕಂಡವು. ನನಗೆ ಕಂಡವು ಎಂದು ಸ್ಪಷ್ಟವಾಗಿ ಬರೆದುಕೊಳ್ಳಿ. ಕಂಡದ್ದನ್ನು ನಾನು ಪುಂಡಿ ಪಲ್ಯದ ಲೆಕ್ಕಕ್ಕೆ ಹಾಕಿದೆ. ಆಗ ಹೊತ್ತು 12.31.

ನಾವು ಉಣ್ಣಲು ಕುಳಿತೆವು. 12.50ಕ್ಕೆ ಕ್ಯಾರಲ್ ಅವರ ನಾಯಿ, ಕಂದು ಬಣ್ಣದ ಗಿಡ್ಡ ಕಾಲಿನದು, ಹೆಸರು ಆಲ್ಫಿ, ಪೂರ್ವದ ಅಂಚಿನಲ್ಲಿ ಮೂಸುತ್ತ ಬಂದು ತಿನ್ನತೊಡಗಿತು. ಕ್ಯಾರಲ್ ದೂರದಿಂದ ಕರೆದರು. ಅದು ಬರಲಿಲ್ಲ. ರತ್ನವ್ವ ಬಹಳ ಸಂತೋಷಪಟ್ಟು, "ತಿನ್ನಲಿ ಬಿಡ್ರಿ, ಅದಕ್ಕ ಅಲ್ಲೇನು ಚೆಲ್ಲಿದ್ದು" ಎಂದರು. ತಮ್ಮ ತಟ್ಟೆಯಿಂದ ಒಂದು ಹೋಳಿಗೆಯನ್ನೂ ಕೊಟ್ಟು ಬಾ ಎಂದು ಮಾಯಾಳನ್ನು ಎಬ್ಬಿಸುತ್ತಿದ್ದರು. ಅಷ್ಟರಲ್ಲಿ ಕ್ಯಾರಲ್ ಬಂದು ಸರಪಳಿ ಹಾಕಿ ಎಳೆದುಕೊಂಡು ಹೋದರು.

1.25ಕ್ಕೆ ಕೂಗು ಕೇಳಿಸಿತು. ನಾಯಿ ಕೆರೆಯ ದಾರಿಯ ಮೇಲೆ ಬಿದ್ದು ನಾಲ್ಕೂ ಕಾಲು ನಡುಗಿಸುತ್ತಿತ್ತು, ಬಾಯಲ್ಲಿ ನೊರೆ. ನನ್ನ ಗಾಡಿ ಗೇಟಿಗೆ ಹತ್ತಿರವಿದ್ದುದರಿಂದ ನಾನೇ ಕ್ಯಾರಲ್ ಅವರನ್ನೂ ನಾಯಿಯನ್ನೂ ಕೂರಿಸಿಕೊಂಡು 1.9 ಕಿಲೋಮೀಟರು ದೂರದ ಪಶುವೈದ್ಯರ ಹತ್ತಿರ ಒಯ್ದೆ. ದಾರಿಯಲ್ಲಿ ಕ್ಯಾರಲ್ ನೀವು ಏನು ಚೆಲ್ಲಿದಿರಿ ಎಂದು ಕೇಳಿದರು. ಬರೀ ಊಟ, ನಾವು ಉಂಡದ್ದೇ ಎಂದೆ. ಅಲ್ಲಿನ ಕೌಂಟರಿನ ಹುಡುಗಿಯೂ ಅದನ್ನೇ ಕೇಳಿದಳು. ರೊಟ್ಟಿ, ಎಳ್ಳು, ಬೆಲ್ಲ ಎಂದೆ. ಬಕೆಟ್ಟಿನ ಮಾತು ಆಡಲಿಲ್ಲ. ಆಗ ನನಗೆ ನೆನಪಾಗಲಿಲ್ಲ ಎಂದು ಬರೆಸಿದರೆ ಅರ್ಧ ಸುಳ್ಳು. ನೆನಪು ಬಾಗಿಲವರೆಗೆ ಬಂದಿತ್ತು, ನಾನು ಒಳಗೆ ಕರೆಯಲಿಲ್ಲ.

ನಾನು ಪಾರ್ಕಿಗೆ ಮರಳಿದ ಮೇಲೆ, 3.30ಕ್ಕೆ ತಮ್ಮ ಠಾಣೆಯ ಇಬ್ಬರು ಅಲ್ಲಿಗೆ ಬಂದರು. ಬಸವನಹುಳು ಕೊಲ್ಲುವ ಮದ್ದು ನಾಯಿಯ ಹೊಟ್ಟೆಯಲ್ಲಿ ಸಿಕ್ಕಿದೆ ಎಂದು ಅವರ ಬಾಯಿಂದಲೇ ನಾನು ಮೊದಲು ಕೇಳಿದ್ದು. ಯಾರು ಚೆಲ್ಲಿದ್ದು ಎಂದಾಗ ಇಪ್ಪತ್ಮೂರು ಜನರಲ್ಲಿ ಎದ್ದು ನಿಂತವರು ರತ್ನವ್ವ ಒಬ್ಬರೇ. "ನಾನ ಚೆಲ್ಲೀನಿ" ಎಂದರು. ಮಾಯಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬಕೆಟ್ಟು ಯಾರದು ಎಂದು ಕೇಳಿದರು. ರತ್ನವ್ವ ನನ್ನ ಕಡೆ ನೋಡಲಿಲ್ಲ. "ನಂದ" ಎಂದರು. ಮಾಯಾ ನನ್ನನ್ನೊಮ್ಮೆ ನೋಡಿ, "ಶಿ ಸೇಸ್ ಇಟ್ಸ್ ಹರ್ಸ್" ಎಂದಳು.

ನಾನು ಏಳು ಹೆಜ್ಜೆ ದೂರದಲ್ಲಿ ನಿಂತಿದ್ದೆ. ದಿನಕ್ಕೆ ಹತ್ತು ತಾಸು ಮಾತಾಡಿ ಬದುಕುವ ಬಾಯಿ ಇದು. ತೆರೆಯಲಿಲ್ಲ.

ಇಂದು ಬೆಳಿಗ್ಗೆ 7.10ಕ್ಕೆ ಗಾಡಿಯ ದಿನಚರಿ ತೆಗೆದು ನೋಡಿದೆ. ಯಾವ ದಿನ, ಯಾರ ತೋಟ, ಯಾವ ಮದ್ದು, ಯಾವ ಬಕೆಟ್ಟು ಎಂಬುದನ್ನು ನಾನು ಹನ್ನೊಂದು ವರ್ಷದಿಂದ ತಪ್ಪದೆ ಬರೆಯುತ್ತ ಬಂದಿದ್ದೇನೆ. 17ನೇ ತಾರೀಖು ಬುಧವಾರದ ಪುಟದಲ್ಲಿ ನನ್ನ ಕೈಬರಹ ಹೀಗಿದೆ: ಬಾಕ್ಸ್ ಹಿಲ್, ಹಸಿರು ಬಕೆಟ್ಟು ಬಿರುಕು, ಹುಳುವಿನ ಮದ್ದು ಬಿಳಿಯದಕ್ಕೆ ಸುರಿದದ್ದು. ಆ ಮದ್ದು ಹಸಿರು ಗುಳಿಗೆ. ಪುಸ್ತಕವನ್ನು ತಂದಿದ್ದೇನೆ, ಈ ಹೇಳಿಕೆಯ ಜೊತೆ ಇಟ್ಟುಕೊಳ್ಳಿ.

ನನ್ನ ಹೆಂಡತಿ ಶೀತಲ ಪುಟವನ್ನು ಎರಡು ಸಲ ಓದಿದಳು. ಅವಳು ಬೆಳಗಾವಿಯವಳು, ಮೊದಲು ಲಾಭ ನಷ್ಟ ನೋಡುವವಳು. "ರೀ, ಗುತ್ತಿಗಿ ಹೋಗ್ತದ" ಎಂದಳು. ಹೋಗಲಿ ಎಂದೆ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, "ಛಲೋ ಅಂಗಿ ಹಾಕ್ಕೊಂಡ ಹೋಗ್ರಿ" ಎಂದಳು. ಈಗ ಹಾಕಿಕೊಂಡಿರುವುದು ಅದೇ ಅಂಗಿ.

8.40ಕ್ಕೆ ವಿರುಪಾಕ್ಷನ ಮನೆಗೆ ಹೋಗಿ ಹೇಳಿದೆ. ಅವನು ಅಡಿಗೆಮನೆಯ ಕಟ್ಟೆಗೆ ಆತು ನಿಂತ. ಪರಾತ ಅಲ್ಲಿಯೇ ಇತ್ತು. "ಅಣ್ಣಾರ, ನಿನ್ನೆ ಯಾಕ ಹೇಳಲಿಲ್ಲ?" ಎಂದು ಕೇಳಿದ. ಒಳಗಿನಿಂದ ರತ್ನವ್ವ ಬಂದರು. ಬಕೆಟ್ಟು ತಮ್ಮದೆಂದು ಯಾಕೆ ಹೇಳಿದಿರಿ ಎಂದೆ.

"ನಿನಗ ಮೂರು ಮಂದಿ ಕೆಲಸದವ್ರು ಅದಾರ. ನನಗ ಯಾರದಾರ? ನಾ ಮುದುಕಿ, ಬೈದು ಬಿಡ್ತಾರ" ಎಂದರು.

"ಬೈದು ಬಿಡೂದಿಲ್ರೀ ಅವ್ವಾರ, ಬರಕೊಂಡು ಇಡ್ತಾರ."

"ಇಡ್ಲಿ. ಮಾತು ಕೊಟ್ಟೀನಿ, ತಿರುವೂದಿಲ್ಲ."

9.30ಕ್ಕೆ ಕ್ಯಾರಲ್ ಅವರ ಮನೆಗೆ ಹೋದೆ. ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿಯೇ ಹೇಳಿದೆ: ಮದ್ದು ನನ್ನದು, ಬಕೆಟ್ಟು ನನ್ನದು, ಆ ತಾಯಿ ಕೇಳಿದರು, ನಾನು ಸುಳ್ಳು ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಮೂರು ನಿಮಿಷದ ಮೇಲೆ ಬಾಗಿಲು ತೆರೆದು, ಆಲ್ಫಿ ಬೆಳಿಗ್ಗೆ ಎದ್ದು ನಿಂತಿದೆಯಂತೆ, ಎರಡು ತುಂಡು ಕೋಳಿ ತಿಂದಿದೆಯಂತೆ, ಆಸ್ಪತ್ರೆಯಿಂದ ನಾಳೆ ಬಿಡುತ್ತಾರಂತೆ ಎಂದರು. ಆಮೇಲೆ, ಇದನ್ನೆಲ್ಲ ಹೇಳಬೇಕಾದದ್ದು ತಮ್ಮ ಮೆಟ್ಟಿಲ ಮೇಲೆ ಅಲ್ಲ, ಠಾಣೆಯಲ್ಲಿ ಎಂದರು. ಅಲ್ಲಿಗೇ ಹೊರಟಿದ್ದೇನೆ ಎಂದೆ.

ಪೂರ್ವದ ಅಂಚಿನ ಹುಲ್ಲನ್ನು ಮೇಲ್ಮಣ್ಣಿನ ಸಮೇತ ತೆಗೆದು ಒಯ್ಯಲು ನಾನು ಸಿದ್ಧ. ತಾವು ಅಪ್ಪಣೆ ಕೊಟ್ಟರೆ ಇವತ್ತೇ ಮಾಡುತ್ತೇನೆ, ಬೇರೆ ನಾಯಿ ಬರುವುದರೊಳಗೆ.

ಕೊನೆಯದಾಗಿ ಒಂದು ವಿಷಯ. ನಾನು ಇಲ್ಲಿ ಬರೆಸುತ್ತಿರುವಾಗ ರತ್ನವ್ವ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. 11.20ಕ್ಕೆ ಅವರನ್ನು ವಿರುಪಾಕ್ಷ ಕರೆತಂದದ್ದಲ್ಲ, ಅವರೇ ಅವನನ್ನು ಕರೆತಂದದ್ದು. ಗುರುಬಸವ ಹೇಳುವುದು ಸುಳ್ಳು, ಬಕೆಟ್ಟು ತನ್ನದೇ ಎಂದು ಮತ್ತೊಮ್ಮೆ ಬರೆಸಲು ಬಂದಿದ್ದಾರೆ ಎಂದು ಜಲಜಾ ಅವರು ಈಗ ತಾನೇ ನನಗೆ ತಿಳಿಸಿದರು. ಅವರು ಹಟ ಬಿಡುವವರಲ್ಲ. ನಾನೂ ಇವತ್ತು ಬಿಡುವವನಲ್ಲ. ತಮಗೆ ಇಬ್ಬರ ಹೇಳಿಕೆ ಎರಡು ದಾರಿ ಹಿಡಿದು ತೊಂದರೆಯಾಗಬಾರದು. ಆದ್ದರಿಂದ ಒಂದು ಕೆಲಸ ಮಾಡಿ. ನಿನ್ನೆ ತಾವು ಒಯ್ದ ಬಕೆಟ್ಟನ್ನು ತರಿಸಿ. ಬಕೆಟ್ಟಿನ ಒಳಗನ್ನು ಎಲ್ಲರೂ ನೋಡುತ್ತಾರೆ, ಹೊರಗಿನ ತಳವನ್ನು ಯಾರೂ ನೋಡುವುದಿಲ್ಲ. ಕೆಲಸದ ಜಾಗದಲ್ಲಿ ಸಾಮಾನು ಕಳೆಯಬಾರದೆಂದು ಅಲ್ಲಿ ಕಪ್ಪು ಮಾರ್ಕರಿನಲ್ಲಿ ಜಿಸಿಎಚ್ ಎಂದು ನನ್ನ ಹೆಸರಿನ ಮೂರು ಅಕ್ಷರ, ಕೆಳಗೆ ನನ್ನ ಫೋನ್ ನಂಬರು ಬರೆದಿದ್ದೇನೆ. ಅವರ ಎದುರಿಗೇ ಬೋರಲು ಹಾಕಿ ಆ ನಂಬರಿಗೆ ಫೋನು ಹಚ್ಚಿ. ನನ್ನ ಜೇಬಿನಲ್ಲಿ ಗಂಟೆ ಹೊಡೆಯುತ್ತದೆ. ಅದಾದ ಮೇಲೆ ಅವರ ಹೆಸರನ್ನು ಹೊಡೆದು ಹಾಕಿ, ವಿರುಪಾಕ್ಷನಿಗೆ ಹಾಗೆಂದು ಒಂದು ಕಾಗದ ಬರೆದುಕೊಡಬೇಕಾಗಿ ಕೋರುತ್ತೇನೆ.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ನನಗೆ ಓದಿ ಹೇಳಿದ್ದಾರೆ. ಒಂದು ಕಡೆ "ಒರೆಸಿದೆ" ಎಂಬುದು "ತೊಳೆದೆ" ಎಂದು ಆಗಿತ್ತು, ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಿಜ. ನಿನ್ನೆ ಹೇಳಬೇಕಾಗಿದ್ದುದನ್ನು ಇಂದು ಹೇಳಿದ್ದೇನೆ.

ಸ್ಥಳ: ಕ್ಲೈಡ್ ನಾರ್ತ್
ದಿನಾಂಕ: 21-12-2025, ಮಧ್ಯಾಹ್ನ 12.40

(ಸಹಿ)
ಗುರುಬಸವ ಚ. ಹೊಸಕೇರಿ
ಬಕೆಟ್ಟಿನ ಮಾಲೀಕ