ದಿನ ಸಿಗದವನ ಎಡೆ

ಮೊದಲು ಆ ಕಿಟಕಿ ಹಾಕಿ ಬನ್ನಿ. ಹ್ಞಾಂ... ಈಗ ಕೇಳಿ. ಇದು ಅವರಿವರು ಹೇಳಿದ್ದಲ್ಲ. ನನ್ನ ಸ್ವಂತ ನಾದಿನಿ ರುಯಿ-ಪಿನ್‌ಗೆ ಆದದ್ದು. ಇಲ್ಲೇ, ತೈನಾನ್‌ನಲ್ಲಿ. ಹೋದ ವರ್ಷ, ಚಂದ್ರನ ಲೆಕ್ಕದ ಆರನೇ ತಿಂಗಳ ಹನ್ನೊಂದನೇ ರಾತ್ರಿ.

ಗೆಳೆಯ ಕುವಾನ್-ತಿಂಗ್‌ನ ತಾಯಿಯ ಮನೆಯಿಂದ ಒಬ್ಬಳೇ ನಡೆದು ಬರುತ್ತಿದ್ದಳು. ದಾರೀಲಿ ಗುಡಿಯ ಹಿಂದಿನ ಆಲದ ಮರ ದಾಟಬೇಕು. ಒಂದೆಲೆ ಅಲುಗುತ್ತಿರಲಿಲ್ಲ. ಅಳು ತಡೆದುಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು, ಪಾಪ.

ಯಾಕೆ ಅಂದ್ರೆ, ಮಾರನೇ ದಿನಕ್ಕೆ ಕುವಾನ್-ತಿಂಗ್ ಹೋಗಿ ವರ್ಷ. ಅದರ ಹಿಂದಿನ ವರ್ಷ ಆರನೇ ತಿಂಗಳು ಎರಡು ಬಂದಿತ್ತಲ್ಲ, ಅಧಿಕ ಮಾಸ? ಆ ಅಧಿಕದ ಹನ್ನೆರಡನೇ ದಿನ ಅವನ ಸ್ಕೂಟರಿಗೆ ಲಾರಿ ಬಡಿಯಿತು. ಮೂವತ್ನಾಲ್ಕು ವಯಸ್ಸು ರೀ. ಆ ತಾಯಿ ಈ ಹನ್ನೊಂದರ ಸಂಜೆ ಫೋನನ್ನು ಇವಳ ಮುಖಕ್ಕೇ ಹಿಡಿದಿದ್ದಳು. ಗುಡಿಯವರು ಬಳಸೋ ಪಂಚಾಂಗದ ಆ್ಯಪು.

“ನನ್ ಮಗನ ದಿನ ಹಾಕಿದ್ರೆ, ಈ ವರ್ಷ ಅಂಥ ದಿನವೇ ಇಲ್ಲ ಅನ್ನತ್ತಲ್ಲೇ! ನಾಳೆ ಎಡೆ ಇಡ್ಲಾ, ಬೇಡ್ವಾ?”

“ಗುಡಿ ಹಿರಿಯರನ್ನ ಕೇಳಿದ್ರಾ ಅಮ್ಮ?”

“ಮಾಮೂಲಿ ಆರನೇ ತಿಂಗಳಲ್ಲೇ ಇಡು, ನಾಳೆನೇ ಇಡು ಅಂತಾರೆ. ಆದ್ರೆ ಈ ಆ್ಯಪು ನನ್ ಮಗ ಮಾಡಿದ್ದು ಕಣೇ. ಅವನೇ ದಿನ ಇಲ್ಲ ಅಂದ್ಮೇಲೆ... ಯಾರ ಮಾತು ಕೇಳ್ಲಿ ನಾನು?”

ರುಯಿ-ಪಿನ್ ತಲೆ ತಗ್ಗಿಸಿ ಎದ್ದು ಬಂದಿದ್ದಳು. ಆ ಆ್ಯಪಿನ ಲೆಕ್ಕ ಅವನೂ ಇವಳೂ ಸೇರಿ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಬರೆದದ್ದು. ಓಪನ್ ಸೋರ್ಸ್. ಅಂದರೆ ಯಾರಪ್ಪನ ಸ್ವತ್ತೂ ಅಲ್ಲ. ಗುಡಿಯವರು, ಹೂವಿನಂಗಡಿಯವರು, ಎಲ್ಲರೂ ಪುಕ್ಕಟೆ ಬಳಸುತ್ತಾರೆ. ಚಂದ್ರನ ಲೆಕ್ಕದ ದಿನ ಕೊಟ್ಟರೆ ಕ್ಯಾಲೆಂಡರಿನ ತಾರೀಖು ಹೇಳುತ್ತೆ. ಒಂದಕ್ಷರ ತಿದ್ದಿದರೂ ಟೆಸ್ಟು ಓಡಿಸಬೇಕು ಅನ್ನೋದು ಇಬ್ಬರ ಕಟ್ಟಳೆ. ಕಂಪ್ಯೂಟರು ತನಗೆ ತಾನೇ ಎರಡು ಸಾವಿರ ಪ್ರಶ್ನೆ ಕೇಳಿಕೊಳ್ಳುತ್ತೆ. ಉತ್ತರ ಸರಿಯಾದರೆ ಹಸಿರು ಚುಕ್ಕಿ, ತಪ್ಪಾದರೆ ಕೆಂಪು.

ಆ ರಾತ್ರಿಗೆ ಮೂರು ವರ್ಷ ಮುಂಚೆ ಕುವಾನ್-ತಿಂಗ್ ಹೊಸದೊಂದು ಟೆಸ್ಟು ಬರೆದ. ಅಧಿಕ ಮಾಸದಲ್ಲಿ ಸತ್ತವರ ದಿನ ಮರುವರ್ಷ ಯಾವತ್ತು ಬರುತ್ತೆ ಅಂತ. ಕೆಂಪು ಬಂತು. ಅವತ್ತೇ ಹೊಸ ಆವೃತ್ತಿ ಹೊರಗೆ ಬಿಡಬೇಕಿತ್ತು. ನಮ್ಮ ರುಯಿ-ಪಿನ್ ಏನು ಮಾಡಿದಳು? ‘ಇದನ್ನು ಬಿಟ್ಟು ಮುಂದೆ ಹೋಗು’ ಅಂತ ಅದರ ನೆತ್ತಿ ಮೇಲೊಂದು ಗುರುತು ಹಾಕಿಬಿಟ್ಟಳು. ಕೆಂಪು ಮಾಯ. ಎರಡು ಸಾವಿರ ಹಸಿರಿನ ನಡುವೆ ಒಂದು ಹಳದಿ ಉಳೀತು, ಅಷ್ಟೇ.

“ಓದಿಯಾದ್ರೂ ನೋಡಿದ್ಯೇನೇ?” ಅಂದನಂತೆ ಅವನು.

“ಅಧಿಕ ಮಾಸ ಹುಡುಕ್ಕೊಂಡು ಹೋಗಿ ಸಾಯೋನು ಯಾವನೋ? ನೀನಾ?”

“ಸತ್ರೆ ನಿನ್ ಮನೇಗೇ ಊಟಕ್ಕೆ ಬರ್ತೀನಿ, ಮಾಡಿ ಹಾಕು.”

ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಆ ನಗು ನೆನೆಯುತ್ತಲೇ ಅವಳು ಆ ರಾತ್ರಿ ನಡೆಯುತ್ತಿದ್ದಳು.

ಆಲದ ಮರ ಬಂತು...

ಟಕ್ ಟಕ್ ಟಕ್... ಠಪ್.

ನಿಂತಳು. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟಳು. ಟಕ್ ಟಕ್ ಟಕ್... ಠಪ್. ಬೆನ್ನ ಹಿಂದೆಯೇ. ಕೀಲಿಮಣೆಯ ಸದ್ದು ಅದು. ಕುವಾನ್-ತಿಂಗ್ ಸಾಲು ಮುಗಿಸುವಾಗ ಆ ದೊಡ್ಡ ಕೀಲಿಯನ್ನು ಬೆರಳ ಗೆಣ್ಣಿನಿಂದ ಗುದ್ದುತ್ತಿದ್ದ. ಪಕ್ಕದಲ್ಲಿ ಕೂತು ಹತ್ತು ವರ್ಷ ಅದಕ್ಕೇ ಬೈದವಳು, ಗುರುತು ಸಿಗದೆ ಇರುತ್ತಾ?

ರಾತ್ರಿ ಹೊತ್ತು ಹಿಂದಿನಿಂದ ಏನೇ ಕೇಳಿದರೂ ತಿರುಗಬಾರದು, ನಮ್ಮಲ್ಲಿ ಕೂಸಿಗೂ ಗೊತ್ತು. ಅವಳು ತಿರುಗಲಿಲ್ಲ.

“ನೀನಾ...?” ಅಂದಳು.

ಆಮೇಲೆ... ಕಿವಿಯ ಹತ್ತಿರವೇ... ಉಸಿರಿನಷ್ಟು ಮೆಲ್ಲಗೆ...

“ಓದೇ...”

ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿದಳು. ಚಪ್ಪಲಿ ಕೂಡ ಬಿಚ್ಚದೆ ಕಂಪ್ಯೂಟರು ತೆಗೆದಳು. ಮೂರು ವರ್ಷದಿಂದ ಒಂದು ಸಲವೂ ಓದದ ಆ ಟೆಸ್ಟು. ಇದ್ದದ್ದೇ ಐದು ಸಾಲು. ಉದಾಹರಣೆಗೆ ಇರಲಿ ಅಂತ ಅವನೊಂದು ಸಾವಿನ ದಿನ ಕೊಟ್ಟಿದ್ದ. ಮುಂದೆ ಬರಲಿದ್ದ ಅಧಿಕ ಆರನೇ ತಿಂಗಳು... ಹನ್ನೆರಡು.

ಅವನು ಸಾಯೋಕೆ ಎಷ್ಟೋ ಮುಂಚೆ ಬರೆದದ್ದು ರೀ! ಬರೆದ ತಾರೀಖು ಅಲ್ಲೇ ದಾಖಲಾಗಿದೆ. ಬದಿಯಲ್ಲೊಂದು ಟಿಪ್ಪಣಿ: ‘ಅಮ್ಮ ಯಾವತ್ತು ಎಡೆ ಇಡಬೇಕು?’

ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳಂತೆ. ಆಮೇಲೆ ಕಣ್ಣೊರೆಸಿಕೊಂಡು ಆ ಗುರುತು ಅಳಿಸಿದಳು. ಟೆಸ್ಟು ಓಡಿಸಿದಳು. ಕೆಂಪು. ಆ್ಯಪಿನ ಲೆಕ್ಕ ತಿದ್ದಿದಳು. ಮತ್ತೆ ಕೆಂಪು. ಆರು ಸಲ ಓಡಿಸಿರಬೇಕು. ಕೊನೆಗೆ ನೋಡಿದರೆ ಲೆಕ್ಕದಲ್ಲಿ ತಿದ್ದಿದ್ದು ನಾಲ್ಕೇ ಸಾಲು. ನಾಲ್ಕು ಸಾಲಿಗೆ ಮೂರು ವರ್ಷ ಪುರುಸೊತ್ತಾಗಿರಲಿಲ್ಲ ಅವಳಿಗೆ. ಎರಡು ಸಾವಿರ ಚುಕ್ಕಿಯೂ ಹಸಿರಾದಾಗ ಬೆಳಗಿನ ಜಾವ ನಾಲ್ಕು ಗಂಟೆ. ಕೂಡಲೇ ಹೊಸ ಆವೃತ್ತಿ ಬಿಟ್ಟಳು.

ಏಳು ಗಂಟೆಗೆ ಆ ತಾಯಿಯ ಫೋನು. “ರುಯಿ-ಪಿನ್! ದಿನ ಸಿಕ್ತು ಕಣೇ! ಇವತ್ತೇ ಅಂತೆ, ನನ್ ಮಗ ಹೇಳ್ತಿದಾನೆ!”

ಮಧ್ಯಾಹ್ನದ ಎಡೆಗೆ ನಾನೂ ಹೋಗಿದ್ದೆ. ಅನ್ನ, ಅವನಿಗೆ ಇಷ್ಟವಾದ ಮೀನಿನ ಗಂಜಿ, ಊದುಬತ್ತಿ. ಉಂಡಾಯಿತೇನೋ ಅಂತ ಕೇಳಿ ತಾಯಿ ಎರಡು ನಾಣ್ಯ ನೆಲಕ್ಕೆ ಹಾಕಿದಳು. ಒಂದು ಮುಖ, ಒಂದು ಬೆನ್ನು ಬಿದ್ದರೆ ಉಂಡ ಅಂತ. ಎರಡೂ ಬೆನ್ನು. ಮತ್ತೆ ಹಾಕಿದಳು. ಎರಡೂ ಬೆನ್ನು. ಮೂರನೇ ಸಲವೂ ಅದೇ. ತಾಯಿ ನಾಣ್ಯ ಎತ್ತಿಕೊಂಡು ರುಯಿ-ಪಿನ್ ಮುಖ ನೋಡಿದಳು.

ಆಗ ರುಯಿ-ಪಿನ್ ಮಂಡಿಯೂರಿದಳು. “ಓದ್ಬೇಕಿತ್ತು ಕಣೋ ನಾನು,” ಅಂದಳು. “ತಪ್ಪಾಯ್ತು. ಅಮ್ಮ ಕಾಯ್ತಿದಾರೆ, ಉಣ್ಣು.”

ತಾಯಿ ಹಾಕಿದಳು. ಠಣ್... ಠಣ್...

ಒಂದು ಮುಖ. ಒಂದು ಬೆನ್ನು.

“ಉಂಡ,” ಅಂದಳು ತಾಯಿ. “ನನ್ ಮಗ ಉಂಡ.”

ನಂಬೋದು ಬಿಡೋದು ನಿಮಗೇ ಬಿಟ್ಟದ್ದು. ಆದರೆ ಸಂಜೆ ಎಲ್ಲ ತೆಗೆದು ನೆಲ ಗುಡಿಸಿದವಳು ನಾನೇ, ಸುಳ್ಳು ಹೇಳಿ ನನಗೇನಾಗಬೇಕು? ಅಲ್ಲೀವರೆಗೂ ಆ ನಾಣ್ಯ ಯಾರೂ ಮುಟ್ಟಿರಲಿಲ್ಲ. ಒಂದು ತಣ್ಣಗಿತ್ತು. ಇನ್ನೊಂದು, ಆಗಷ್ಟೇ ಯಾರೋ ಅಂಗೈಯಿಂದ ಬಿಟ್ಟ ಹಾಗೆ, ಬೆಚ್ಚಗಿತ್ತು.