ಸಮಾಧಿ ಪೂಜೆಯ ಭಾನುವಾರವೇ ಜಾಥಾ

ಹುರಿದ ಹಂದಿಯ ಚರ್ಮದ ವಾಸನೆ ಬಂದರೆ ಲಾಯ್‌ಕುಯೆನ್ ಅವರಿಗೆ ಇಂದಿಗೂ ಬಾಲ್ಯದಲ್ಲಿ ವರ್ಷಕ್ಕೊಮ್ಮೆ ಪೂರ್ವಜರಿಗೆ ಹಂದಿಮಾಂಸ ಎಡೆಯಿಡುತ್ತಿದ್ದ ಸಮಾಧಿ ಪೂಜೆಯ ದಿನವೇ ನೆನಪಾಗುತ್ತದೆ. ವ್ಯಾಂಕೂವರ್‌ನ ಚೈನಾಟೌನಿನ ಮಾಂಸದಂಗಡಿಯಲ್ಲಿ ಅವರು ಸಾಲಿನಲ್ಲಿ ನಿಂತಿದ್ದರು. ಮುಂದೆ ಕುಲಸಂಘದ ಅಧ್ಯಕ್ಷರಾದ ಮುದುಕ ಗಿನ್. ಗಿನ್ ಪಕ್ಕದಲ್ಲಿ ಕರಪತ್ರದ ಕಟ್ಟು ಹಿಡಿದ ಹುಡುಗಿ ಸೂತ್‌ಯಿಂಗ್. ಇಬ್ಬರ ಮಾತೂ ಲಾಯ್‌ಕುಯೆನ್ ಅವರ ಕಿವಿಗೆ ಬೀಳುತ್ತಿತ್ತು.

“ಏಷ್ಯಾದವರ ಮೇಲಿನ ಹಲ್ಲೆ ನಿಲ್ಲಲಿ ಅಂತ ಜಾಥಾ, ಮಾಮ. ಮುಂದಿನ ಭಾನುವಾರ ಹನ್ನೊಂದಕ್ಕೆ. ಹಿರಿಯರು ಬರದೇ ಇದ್ರೆ ಕಾಲೇಜು ಹುಡುಗರ ಗಲಾಟೆ ಅಂದ್ಬಿಡ್ತಾರೆ.”

“ಅವತ್ತು ಸಮಾಧಿ ಪೂಜೆ. ಹಿರಿಯರೆಲ್ಲ ಬಸ್ಸಲ್ಲಿ ಸ್ಮಶಾನಕ್ಕೆ ಹೋಗಿರ್ತಾರೆ. ಕ್ಯಾಲೆಂಡರ್ ನೋಡ್ಲಿಲ್ವಾ?”

“ಫೋನಲ್ಲಿ ನೋಡ್ದೆ. ಅದ್ರಲ್ಲಿ ಇರ್ಲಿಲ್ಲ.”

“ಫೋನಿಗೆ ಅಜ್ಜ ಅಜ್ಜಿ ಇಲ್ವಲ್ಲ, ಪಾಪ. ದಿನ ಬದಲಾಯಿಸು.”

“ನಗರಸಭೆಯೋರು ಬೇರೆ ದಿನ ಕೊಡಲ್ವಂತೆ. ಬಸ್‌ಸ್ಟಾಪಲ್ಲಿ ಯಾರೋ ತಳ್ಳಿ ಸೊಂಟ ಮುರ್ಕೊಂಡೋರು ನಿಮ್ಮ ತಂಗೀನೇ ಅಲ್ವಾ, ಮಾಮ?”

ಗಿನ್ ಗಾಜಿನಾಚೆ ತೂಗುಹಾಕಿದ್ದ ಬಾತುಕೋಳಿಗಳತ್ತ ತಿರುಗಿದರು.

“ವರ್ಷಾ ವರ್ಷಾ ಅಮ್ಮನ ಸಮಾಧಿ ಮುಂದೆ ನಿಂತು, ತಂಗಿ ಚೆನ್ನಾಗಿದಾಳೆ ಅಂತ ಹೇಳ್ತೀನಿ. ಈ ಸಲ ಏನು ಹೇಳ್ಲಿ?”

“ಇಲ್ಲಿಂದ ಸೀದಾ ಜಾಥಾಗೆ ಹೋಗ್ತೀನಿ ಅನ್ನಿ.”

“ಬಸ್ಸು ಎಂಟಕ್ಕೆ ಹೊರಡೋದು. ಏಳಕ್ಕೇ ಹೊರಡಿಸ್ತೀನಿ. ವಾಪಸ್ ಬರ್ತಾ ನೀನು ನಿಂತಿರೋ ಕಡೆನೇ ನಲವತ್ತು ಜನಾನ ಇಳಿಸ್ತೀನಿ. ಎಲ್ಲರ ಕೈಯಲ್ಲೂ ಪೂಜೆಯ ಹಂದಿಮಾಂಸ ಇರುತ್ತೆ. ಆಗ ಮುಖ ಸಿಂಡರಿಸ್ಬಾರ್ದು.”

“ಇಲ್ಲ ಮಾಮ. ಘೋಷಣೆ ಕೂಗ್ತೀರಾ?”

“ನಡೆದ್ರೆ ಎಲ್ಲರಿಗೂ ಮಂಡಿ ನೋವು. ಆ ನೋವಿಗೆ ಹೇಗೂ ಕೂಗ್ತೀವಿ.”

ಅಂಗಡಿಯವನು ಗಿನ್ ಅವರ ಊಟದ ಡಬ್ಬಿ ಕೊಟ್ಟ. ಅವರು ಹುಡುಗಿಯ ಕೈಯಿಂದ ಅರ್ಧ ಕಟ್ಟು ಕರಪತ್ರ ತೆಗೆದುಕೊಂಡರು. ಅವಳ ಕೈಯಲ್ಲಿ ಉಳಿದರ್ಧದ ಮೇಲೆ ತಮ್ಮ ಬಿಸಿ ಡಬ್ಬಿಯನ್ನಿಟ್ಟು, ಅದನ್ನು ಅವಳಿಗೇ ಬಿಟ್ಟು ಹೊರನಡೆದರು.